ದಪ್ಪ ತಂತಿಗೆ ದನಿ ಕೂಡಿಸುವ ಕೆಲಸ

ಕೆಲಮಂಗಲದ ಕಡೆ ಮದುವೆ ಆರತಕ್ಷತೆಗೆ ಹಾಡಲು ಬರುವ ಆರ್ಕೆಸ್ಟ್ರಾದವರು ಒಂದೇ ಭಾಷೆಯ ಹಾಡು ಕಟ್ಟಿಕೊಂಡು ಬಂದರೆ ನಡೆಯುವುದಿಲ್ಲ. ಗಂಡಿನ ಕಡೆಯವರ ಮನೆಮಾತು ಕನ್ನಡವಾದರೆ ಹೆಣ್ಣಿನ ಕಡೆಯವರದು ತೆಲುಗು ಇರಬಹುದು. ಊಟಕ್ಕೆ ಕೂತ ಅರ್ಧ ಪಂಕ್ತಿಯದು ತಮಿಳು. 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಹೊಸೂರು, ಡೆಂಕಣಿಕೋಟೆ, ಕೆಲಮಂಗಲ ಮದರಾಸಿನ, ಎಂದರೆ ಇಂದಿನ ತಮಿಳುನಾಡಿನ, ಪಾಲಿಗೇ ಉಳಿದವು. 2004ರಲ್ಲಿ ಈ ಊರುಗಳು ಸೇರಿದ ಕೃಷ್ಣಗಿರಿ ಬೇರೆ ಜಿಲ್ಲೆಯಾಯಿತು. ಗಡಿ ಎಲ್ಲಿ ಬಿದ್ದರೂ ಇಲ್ಲಿಯವರ ಕಿವಿ ಎರಡೂ ಕಡೆಯದನ್ನು ಕೇಳುತ್ತಲೇ ಬಂದಿದೆ. ರಾಜ್‌ಕುಮಾರ್ ಹಾಡು ಮುಗಿಯುವಷ್ಟರಲ್ಲಿ ಇಳಯರಾಜ ಹಾಡಿಗೆ ಚೀಟಿ ಬರುತ್ತದೆ.

ಆ ಎರಡಕ್ಕೂ ನಡುವೆ ಹಳೆಯ ನಂಟೂ ಇದೆ. ಇಳಯರಾಜ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ರಾಜ್‌ಕುಮಾರ್ ಅವರ ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ ಚಿತ್ರಗಳಿಗೆ ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತ, ಸಹಾಯಕರಾಗಿ ದುಡಿದವರು. ಆಮೇಲೆ ಶಂಕರ್‌ನಾಗ್ ಅವರ ‘ಗೀತಾ’ಕ್ಕೆ 1981ರಲ್ಲಿ, ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ಗೆ 1983ರಲ್ಲಿ ಸಂಗೀತ ಕೊಟ್ಟರು. ಆ ಚಿತ್ರಗಳ ಹಾಡುಗಳನ್ನು ಒಳ್ಳೆಯ ಸ್ಪೀಕರಿನಲ್ಲಿ ಹಾಕಿ, ಹಾಡುವವರನ್ನು ಬಿಟ್ಟು ಅವರ ಕೆಳಗೆ ನಡೆಯುವ ದಪ್ಪ ದನಿಯ ಹಿಂದೆಯೇ ಹೋಗಿ ನೋಡಿ. ಅದು ತಾಳಕ್ಕೆ ಒತ್ತು ಕೊಟ್ಟು ಸುಮ್ಮನಾಗುವುದಿಲ್ಲ, ತನ್ನದೇ ಇನ್ನೊಂದು ರಾಗ ಹಾಡಿಕೊಂಡು ಹೋಗುತ್ತದೆ. ಚೆನ್ನೈನ ಸ್ಟುಡಿಯೋಗಳಲ್ಲಿ ವರ್ಷಗಟ್ಟಲೆ ಇಳಯರಾಜರಿಗೆ ಬೇಸ್ ಗಿಟಾರ್ ನುಡಿಸಿದವರು ಶಶಿಧರನ್. ಗಡಿನಾಡಿನ ಎಷ್ಟೋ ಹುಡುಗರಿಗೆ ಬೇಸ್ ಗಿಟಾರ್ ಹಿಡಿಯುವ ಆಸೆ ಹುಟ್ಟುವುದು ಈ ಹಾಡುಗಳಿಂದ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಿದವರಿಗೆ ಆ ಆಸೆ ಹುಟ್ಟುವುದೇ ಕಷ್ಟ. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ದನಿ ಆ ಸ್ಪೀಕರಿನಿಂದ ಹೊರಗೇ ಬರುವುದಿಲ್ಲ.

ಆಸೆ ಹುಟ್ಟಿದ ಮೇಲೆ ಆಗುವುದು ಹೀಗೆ. ಹೊಸೂರು ಕಡೆಯ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಹುಡುಗ ಒಂದಷ್ಟು ತಿಂಗಳ ಸಂಬಳ ಉಳಿಸುತ್ತಾನೆ, ಬೆಂಗಳೂರಿಗೆ ಹೋಗಿಯೋ ಆನ್‌ಲೈನಿನಲ್ಲೋ ಒಂದು ಬೇಸ್ ತರಿಸುತ್ತಾನೆ. ಮೊದಲ ವಾರ ಸಂಭ್ರಮ. ಎರಡನೇ ವಾರಕ್ಕೆ ಬೆರಳು ನೋವು. ಮೂರನೇ ವಾರಕ್ಕೆ, ಹಾಡಿನಲ್ಲಿ ಕೇಳಿದ ಆ ದುಂಡನೆಯ ದನಿ ತನ್ನ ಗಿಟಾರಿನಿಂದ ಯಾಕೆ ಬರುತ್ತಿಲ್ಲ ಎಂಬ ಕೊರಗು. ‘ಅಣ್ಣಾ, ಇನ್ನೊಂದಿಷ್ಟು ದುಡ್ಡು ಹಾಕಿ ದೊಡ್ಡ ಕಂಪನೀದೇ ತಗೋಬೇಕಿತ್ತಾ?’ ಎಂದು ಅವನು ಕೇಳುತ್ತಾನೆ. ಬೇಕಿರಲಿಲ್ಲ. ಅವನ ಕೈಯಲ್ಲಿರುವ ಗಿಟಾರಿನ ದನಿಯಲ್ಲಿ ಅರ್ಧ ಪಾಲು ಅದರ ಮೇಲಿನ ನಾಲ್ಕು ತಂತಿಗಳದ್ದು ಮತ್ತು ಆ ತಂತಿಗಳನ್ನು ಕೂರಿಸಿದ ರೀತಿಯದ್ದು. ಆ ಅರ್ಧವನ್ನು ಯಾರೂ ಅವನಿಗೆ ಹೇಳಿಕೊಟ್ಟಿಲ್ಲ, ಅಷ್ಟೇ.

ಅಗ್ಗದ, ಮಧ್ಯಮ ಬೆಲೆಯ ಬೇಸ್‌ಗಳು ಬಹುಪಾಲು ಇಂಡೊನೇಷ್ಯಾ, ಚೀನಾದ ಕಾರ್ಖಾನೆಗಳಿಂದ ಬರುತ್ತವೆ. ಮರ ಕಡೆಯುವ ಯಂತ್ರಗಳು ಈಗ ಎಷ್ಟು ನಿಖರವಾಗಿವೆಯೆಂದರೆ ಆ ಗಿಟಾರುಗಳ ನೆಕ್ (ಕತ್ತು), ಫ್ರೆಟ್ (ಅದರ ಮೇಲಿನ ಲೋಹದ ಮೆಟ್ಟಿಲು) ಕೆಲಸದಲ್ಲಿ ಹಿಂದಿನಷ್ಟು ದೋಷ ಕಾಣುವುದಿಲ್ಲ. ಆದರೆ ಕೊನೆಯ ಹೊಂದಾಣಿಕೆಗೆ ಅಲ್ಲಿ ಪುರುಸೊತ್ತಿಲ್ಲ. ಹಾಕಿದ ತಂತಿ ಸಾಧಾರಣದ್ದು. ಅದೂ ಹಡಗಿನಲ್ಲಿ, ಗೋದಾಮಿನಲ್ಲಿ, ಅಂಗಡಿಯ ಗೋಡೆಯ ಮೇಲೆ ತಿಂಗಳುಗಟ್ಟಲೆ ಕಾದು ಮಂಕಾಗಿರುತ್ತದೆ. ಸಮುದ್ರದ ತೇವ ಕಂಡ ನೆಕ್ಕು ಹೊಸೂರಿನ ಎತ್ತರದ ಒಣಹವೆಗೆ ಬಂದು ತನ್ನ ಬಾಗು ಬದಲಿಸಿಕೊಂಡಿರುತ್ತದೆ. ಅಂಥದನ್ನು ಹಾಗೆಯೇ ನುಡಿಸಿ ‘ಇದು ಕಳಪೆ’ ಎಂದುಬಿಡುವುದು ಅನ್ಯಾಯ.

ತಂತಿಯಿಂದಲೇ ಶುರು ಮಾಡೋಣ. ಸೆಟಪ್, ಎಂದರೆ ಆ ಕೊನೆಯ ಹೊಂದಾಣಿಕೆ, ಏನಿದ್ದರೂ ತಂತಿ ಆರಿಸಿ ಹಾಕಿದ ಮೇಲೆ. ಈ ಕ್ರಮ ತಪ್ಪಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದಾಗ ಅದರ ಮೇಲಿದ್ದುದು ಫ್ಲಾಟ್‌ವೌಂಡ್ ತಂತಿ. ಒಳಗೊಂದು ಉಕ್ಕಿನ ಎಳೆ, ಅದರ ಸುತ್ತ ಚಪ್ಪಟೆ ಪಟ್ಟಿ ಸುತ್ತಿದ್ದು. ಬೆರಳಿಗೆ ನುಣುಪು, ದನಿ ದುಂಡು, ಬೇಗ ಅಡಗುವಂಥದ್ದು. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಹಾಕುತ್ತಿದ್ದುದು ಲಾ ಬೆಲ್ಲಾ ಕಂಪನಿಯ ಇಂಥ ದಪ್ಪ ತಂತಿಗಳನ್ನೇ. ಅವನ್ನು ಬದಲಿಸುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಹಳೆಯದಾದಷ್ಟೂ ಆ ದನಿ ಅವರಿಗೆ ಇಷ್ಟ. ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. 1960ರ ದಶಕದಲ್ಲಿ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿ ದುಂಡು ತಂತಿ ಸುತ್ತಿದ ರೌಂಡ್‌ವೌಂಡ್ ಸೆಟ್‌ಗಳನ್ನು ಮುಂದೆ ತಂದಿತು. ‘ದಿ ಹೂ’ ತಂಡದ ಜಾನ್ ಎಂಟ್‌ವಿಸಲ್ ಅವನ್ನು ಹಾಕಿ ನುಡಿಸಿದಾಗ ಬೇಸ್ ಪಿಯಾನೋದಂತೆ ಝಣಗುಟ್ಟಿತು. ಅಲ್ಲಿಂದ ಮುಂದೆ ಹೊಸ ಬೇಸ್‌ಗಳ ಮೇಲೆ ರೌಂಡ್‌ವೌಂಡ್ ರೂಢಿಯಾಯಿತು. ಇವತ್ತು ಅಂಗಡಿಯಿಂದ ತಂದ ಗಿಟಾರಿನ ಮೇಲೆ ಇರುವುದು ಅದೇ.

ರೌಂಡ್‌ವೌಂಡಿನಲ್ಲೂ ಲೋಹ ನೋಡಬೇಕು. ಹೆಚ್ಚಾಗಿ ಸಿಗುವುದು ನಿಕಲ್ ಲೇಪದ ಉಕ್ಕು. ಹೊಳಪೂ ಇದೆ, ಮೈಯೂ ಇದೆ. ಸ್ಟೇನ್‌ಲೆಸ್ ಸ್ಟೀಲಿನದು ಇನ್ನೂ ಚುರುಕು; ಹೆಬ್ಬೆರಳಿನಿಂದ ಹೊಡೆದು ನುಡಿಸುವ ಸ್ಲ್ಯಾಪ್ ಶೈಲಿಯವರಿಗೆ ಅದು ಪ್ರಿಯ. ಆದರೆ ಬೆರಳಿಗೆ ಒರಟು, ಫ್ರೆಟ್ ಬೇಗ ಸವೆಸುತ್ತದೆ. ಫ್ರೆಟ್ಟೇ ಇಲ್ಲದ ಬೇಸಿನ ಮೇಲೆ ರೌಂಡ್‌ವೌಂಡ್ ಹಾಕಿದ ಜಾಕೋ ಪಾಸ್ಟೋರಿಯಸ್, ತಂತಿ ಮರವನ್ನೇ ತಿಂದುಹಾಕುವುದನ್ನು ಕಂಡು ಬೆರಳುಹಲಗೆಗೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದುಕೊಂಡರು. ಫ್ಲಾಟ್‌ವೌಂಡಿಗೂ ರೌಂಡ್‌ವೌಂಡಿಗೂ ನಡುವೆ, ದುಂಡು ತಂತಿಯ ಮೇಲ್ಮೈ ಉಜ್ಜಿ ನಯ ಮಾಡಿದ ಹಾಫ್‌ವೌಂಡ್ ಇದೆ. ಕಪ್ಪು ನೈಲಾನ್ ಸುತ್ತಿದ ಟೇಪ್‌ವೌಂಡ್ ಇದೆ. ಎಲಿಕ್ಸರ್‌ನಂಥ ಕಂಪನಿಗಳು ತೆಳು ಪದರದ ಲೇಪ ಕೊಟ್ಟು ಬಾಳಿಕೆ ಹೆಚ್ಚಿಸಿದ ತಂತಿಗಳನ್ನೂ ಮಾರುತ್ತವೆ.

ಕೆಲಮಂಗಲದಲ್ಲಿ ನುಡಿಸುವವರಿಗೆ ಯಾವುದು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಆರ್ಕೆಸ್ಟ್ರಾದಲ್ಲಿ, ಚರ್ಚಿನಲ್ಲಿ, ಒಂದೇ ಸಂಜೆ ಹಳೆಯದು ಹೊಸದು ಎರಡನ್ನೂ ನುಡಿಸಬೇಕಾದವರಿಗೆ ನಿಕಲ್ ರೌಂಡ್‌ವೌಂಡ್. ಹಾಕಿದ ಮೊದಲ ಕೆಲವು ದಿನ ಅದರ ಕಿರುಗುಟ್ಟುವಿಕೆ ಜಾಸ್ತಿ; ಹದಿನೈದು ದಿನ ಮನೆಯಲ್ಲಿ ನುಡಿಸಿದ ಮೇಲೆ ಹದಕ್ಕೆ ಬರುತ್ತದೆ. ಕಾರ್ಯಕ್ರಮದ ಹಿಂದಿನ ರಾತ್ರಿ ಹೊಸ ತಂತಿ ಹಾಕಬೇಡಿ. ನಮ್ಮ ಕಲ್ಯಾಣ ಮಂಟಪಗಳ ಸಿಮೆಂಟು ಗೋಡೆಗಳಲ್ಲಿ ತಗ್ಗಿನ ದನಿ ಗುಂಯ್‌ಗುಡುತ್ತ ತಿರುಗುತ್ತಿರುತ್ತದೆ. ಅಲ್ಲಿ ಬೇಸ್ ಯಾವ ಸ್ವರ ನುಡಿಸಿತು ಎಂದು ಕೇಳುವವರಿಗೆ ತಿಳಿಯಬೇಕಾದರೆ ರೌಂಡ್‌ವೌಂಡಿನ ಆ ಸ್ವಲ್ಪ ಅಂಚು ಬೇಕೇ ಬೇಕು.

ಹಳೆಯ ಚಿತ್ರಗೀತೆಯೇ ಜೀವ ಎನ್ನುವವರಿಗೆ, ಎಪ್ಪತ್ತು ಎಂಬತ್ತರ ದಶಕದ ಆ ಮೆತ್ತನೆಯ ದನಿಗೇ ಮನಸೋತವರಿಗೆ ನಾನು ಫ್ಲಾಟ್‌ವೌಂಡನ್ನೇ ಹೇಳುತ್ತೇನೆ. ಬೆಲೆ ಹೆಚ್ಚು ಕಡಿಮೆ ಎರಡು ಪಟ್ಟು. ಆದರೆ ಸುರುಳಿಗಳ ಸಂದಿನಲ್ಲಿ ಬೆವರು, ಕೊಳೆ ಕೂರುವುದಿಲ್ಲವಾದ್ದರಿಂದ ವರ್ಷಗಟ್ಟಲೆ ಬಾಳುತ್ತದೆ. ಲೆಕ್ಕ ಹಾಕಿದರೆ ಅದೇ ಅಗ್ಗ. ಒಂದು ಎಚ್ಚರ: ಫ್ಲಾಟ್‌ವೌಂಡುಗಳಲ್ಲಿ ಬಿಗಿ ಬಹಳ ಬೇರೆ ಬೇರೆ. ಡಿಅಡ್ಡಾರಿಯೋ ಕಂಪನಿಯ ಕ್ರೋಮ್ಸ್ ಗಟ್ಟಿ, ವಿಯೆನ್ನಾದ ತೊಮಾಸ್ಟಿಕ್ ಕಂಪನಿಯ ಜಾಝ್ ಫ್ಲಾಟ್ಸ್ ಮೃದು. ಕಲಿಯುವ ಕೈಗೆ ಮೃದುವೇ ಸರಿ.

ಇನ್ನು ದಪ್ಪ. ಸೆಟ್ಟಿನ ಮೇಲೆ 45–105 ಎಂದು ಬರೆದಿದ್ದರೆ ಅತಿ ಸಣ್ಣ ತಂತಿ ಇಂಚಿನ ಸಾವಿರದಲ್ಲಿ 45 ಪಾಲು, ಎಂದರೆ 1.14 ಮಿ.ಮೀ.; ಅತಿ ದಪ್ಪದ್ದು 2.67 ಮಿ.ಮೀ. ಬಹುಪಾಲು ಬೇಸ್‌ಗಳ ತಂತಿಯ ಉದ್ದ, ನೆಕ್ಕಿನ ತುದಿಯ ನಟ್‌ನಿಂದ ಬ್ರಿಡ್ಜಿನ ಮೇಲಿನ ಸ್ಯಾಡಲ್‌ವರೆಗೆ, 34 ಇಂಚು. ಒಂದೊಂದು ತಂತಿಯೂ 16ರಿಂದ 23 ಕೆ.ಜಿ. ಭಾರದಷ್ಟು ಎಳೆಯುತ್ತದೆ, ನಾಲ್ಕೂ ಸೇರಿದರೆ ಸುಮಾರು 80 ಕೆ.ಜಿ. ಒಬ್ಬ ದೊಡ್ಡವನನ್ನು ಹೊತ್ತಂತೆ ಆ ತೆಳ್ಳನೆಯ ನೆಕ್ಕು ಹಗಲೂ ರಾತ್ರಿ ಅಷ್ಟು ಎಳೆತ ತಡೆದುಕೊಂಡಿರುತ್ತದೆ. ಮುಂದೆ ಹೇಳುವ ಸೆಟಪ್ಪಿನ ಮೊದಲ ಹೆಜ್ಜೆಗಳಿಗೆಲ್ಲ ಈ ಎಳೆತವೇ ಮೂಲ. 45–105 ಹಾಕುವ ಬದಲು 40–95 ಹಾಕಿದರೆ ಎಳೆತ ಕಡಿಮೆ, ಬೆರಳಿಗೆ ಸುಖ, ದನಿ ಸ್ವಲ್ಪ ತೆಳು. ಹದಿಹರೆಯದ ಹುಡುಗ ಹುಡುಗಿಯರಿಗೆ 45–100 ಒಳ್ಳೆಯ ನಡುದಾರಿ. ಶ್ರುತಿಯನ್ನು ಅರ್ಧ ಸ್ವರ ಏರಿಸಿದರೆ ಅದೇ ತಂತಿಯ ಎಳೆತ ಶೇ 12ರಷ್ಟು ಹೆಚ್ಚುತ್ತದೆ, ಇಳಿಸಿದರೆ ಹೆಚ್ಚು ಕಡಿಮೆ ಅಷ್ಟೇ ತಗ್ಗುತ್ತದೆ.

ನಮ್ಮ ಹಾಡುಗಾರರಿಗೆ ಈ ಮಾತು ಮುಖ್ಯ. ಚರ್ಚಿನಲ್ಲಾಗಲಿ ವೇದಿಕೆಯಲ್ಲಾಗಲಿ ಹಾಡು ಯಾವ ಶ್ರುತಿಯಲ್ಲಿ ಎಂಬುದು ಅಂದು ಹಾಡುವವರ ಗಂಟಲಿಗೆ ಬಿಟ್ಟದ್ದು. ಡಿ, ಇ ಫ್ಲ್ಯಾಟ್, ಸಿ ಶ್ರುತಿಗಳು ಮತ್ತೆ ಮತ್ತೆ ಬರುತ್ತವೆ. ನಾಲ್ಕು ತಂತಿಯ ಬೇಸಿನಲ್ಲಿ ಇ ಸ್ವರಕ್ಕಿಂತ ಕೆಳಗೆ ದಾರಿಯಿಲ್ಲ. ಷಡ್ಜವನ್ನು ಮೇಲಿನ ಸ್ಥಾಯಿಯಲ್ಲೇ ಹಿಡಿಯಬೇಕು. ಅದಕ್ಕೇ ಐದು ತಂತಿಯದನ್ನು ಕೊಳ್ಳಬೇಕೆಂಬ ಆಸೆ. ಐದನೆಯ ತಂತಿ 125 ಅಥವಾ 130 ದಪ್ಪದ್ದು. ಅಗ್ಗದ ಬೇಸಿನಲ್ಲಿ ಅದು ಹೆಚ್ಚಾಗಿ ಸಡಿಲವಾಗಿ, ಮಸುಕಾಗಿ ನುಡಿಯುತ್ತದೆ. ಮೊದಲ ಬೇಸ್ ನಾಲ್ಕು ತಂತಿಯದೇ ಇರಲಿ. ಡಿ ಬೇಕಾದ ಹಾಡಿಗೆ ದಪ್ಪ ತಂತಿಯನ್ನು ಒಂದು ಸ್ವರ ಇಳಿಸಿಕೊಳ್ಳಿ; ಪದೇ ಪದೇ ಹಾಗೆ ಮಾಡುವವರು ಆ ಒಂದು ತಂತಿಯನ್ನು ಮಾತ್ರ 110ರದ್ದು ಹಾಕಿಕೊಳ್ಳಲಿ, ಬಿಗಿ ಉಳಿಯುತ್ತದೆ. ಕೊಳ್ಳುವಾಗ ಪೊಟ್ಟಣದ ಮೇಲೆ ‘ಲಾಂಗ್ ಸ್ಕೇಲ್’ ಎಂದಿದೆಯೇ ನೋಡಿ. 30 ಇಂಚಿನ ಗಿಡ್ಡ ಬೇಸಿಗೆ ಬೇರೆ ಸೆಟ್ಟು.

ತಂತಿ ಹಾಕುವುದು ಸುಲಭ ಎಂದುಕೊಂಡು ಕೆಡಿಸಿದವರನ್ನು ಕಂಡಿದ್ದೇನೆ. ದಪ್ಪ ತಂತಿಯನ್ನು ಬ್ರಿಡ್ಜಿನ ಹಿಂದಿನಿಂದ ತೂರಿಸಿ, ಸ್ಯಾಡಲಿನ ಮೇಲೆ ಹಾಯಿಸಿ, ನಟ್‌ನ ಕಚ್ಚಿನಲ್ಲಿ ಕೂರಿಸಿ, ತಿರುಗಣೆಯ ಕಂಬದವರೆಗೆ ಎಳೆಯಿರಿ. ತಂತಿಯ ತುದಿಗೆ ಬಣ್ಣದ ರೇಷ್ಮೆ ನೂಲು ಸುತ್ತಿದ್ದರೆ ಆ ನೂಲು ನಟ್‌ನ ಆಚೆಗಿರಬೇಕು. ಕಂಬ ದಾಟಿ ಅರ್ಧ ಗೇಣಿನಷ್ಟು, 10ರಿಂದ 12 ಸೆಂ.ಮೀ. ಬಿಟ್ಟುಕೊಳ್ಳಿ. ಈಗ ಕತ್ತರಿಸುವ ಮೊದಲು, ಕತ್ತರಿಸುವ ಜಾಗಕ್ಕಿಂತ ಈಚೆಗೆ ಇಕ್ಕಳದಿಂದ ತಂತಿಯನ್ನು ಲಂಬಕೋನಕ್ಕೆ ಬಗ್ಗಿಸಿ. ಬಗ್ಗಿಸದೆ ಕತ್ತರಿಸಿದರೆ ಹೊರಗಿನ ಸುತ್ತು ಒಳಗಿನ ಎಳೆಯ ಮೇಲೆ ಜಾರಿ ಸಡಿಲಾಗಬಹುದು. ಆಮೇಲೆ ಆ ತಂತಿ ಎಷ್ಟು ಶ್ರುತಿ ಮಾಡಿದರೂ ಸತ್ತ ದನಿಯನ್ನೇ ಕೊಡುತ್ತದೆ. ತುದಿಯನ್ನು ಕಂಬದ ನಡುವಿನ ತೂತಿಗೆ ಇಳಿಸಿ, ಮೇಲಿನಿಂದ ಕೆಳಕ್ಕೆ ಎರಡು ಮೂರು ಸುತ್ತು ಬರುವಂತೆ ತಿರುಗಿಸಿ. ಸುತ್ತು ಕೆಳಗಿಳಿದಷ್ಟೂ ತಂತಿ ನಟ್‌ಗೆ ಒತ್ತಿ ಕೂರುತ್ತದೆ. ಶ್ರುತಿಗೆ ಬಂದ ಮೇಲೆ ಸ್ಯಾಡಲಿನ ಮುಂದೆ, ನಟ್‌ನ ಮುಂದೆ ಹೆಬ್ಬೆರಳಿನಿಂದ ಒಮ್ಮೆ ಒತ್ತಿ. ದಪ್ಪ ತಂತಿ ಅಲ್ಲಿ ಕಮಾನಿನಂತೆ ಎದ್ದು ನಿಂತಿರುತ್ತದೆ. ಒತ್ತಿದರೆ ನೇರವಾಗಿ ಕೂತು, ಅಲ್ಲಿಯವರೆಗೆ ಮಸುಕಾಗಿದ್ದ ಸ್ವರ ತಟ್ಟನೆ ತಿಳಿಯಾಗುತ್ತದೆ. ಒಂದೇ ಒತ್ತಿಗೆ ಅಷ್ಟು ವ್ಯತ್ಯಾಸ ಕೇಳಿದಾಗ ಹುಡುಗರ ಮುಖ ಅರಳುವುದನ್ನು ನೋಡುವುದೇ ಚಂದ.

ಒಂದು ರಾತ್ರಿ ಕಳೆಯಲಿ. ನೆಕ್ಕು ಹೊಸ ಎಳೆತಕ್ಕೆ ಹೊಂದಿಕೊಳ್ಳಲಿ. ಮರುದಿನ ಸೆಟಪ್.

ಇಲ್ಲಿಂದ ಮುಂದಿನ ಕೆಲಸಕ್ಕೆ ಹೊಸೂರು ಸೀಮೆಯ ಕೈಗಳು ಆಗಲೇ ಪಳಗಿವೆ. 1980ರ ಹೊತ್ತಿಗೆ ಟಿವಿಎಸ್, ಅಶೋಕ್ ಲೇಲ್ಯಾಂಡ್ ಬಂದಂದಿನಿಂದ ಈ ಸುತ್ತಿನಲ್ಲಿ ಎರಡು ತಲೆಮಾರು ಮಿಲಿಮೀಟರಿನ ನೂರನೇ ಪಾಲನ್ನು ಅಳೆದು ಬದುಕಿದೆ. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸಂದು ನೋಡಲು ಬಳಸುವ ಫೀಲರ್ ಗೇಜ್ ಇದೆಯಲ್ಲ, ಬೇಸಿನ ನೆಕ್ಕು ಅಳೆಯಲು ಬೇಕಾದದ್ದೂ ಅದೇ. ಜೊತೆಗೆ ಒಂದು ಸೆಟ್ ಅಲೆನ್ ಕೀ, ಸ್ಟಾರ್ ಸ್ಕ್ರೂಡ್ರೈವರ್, ಅರ್ಧ ಮಿಲಿಮೀಟರ್ ಗೆರೆಗಳಿರುವ ಸ್ಟೀಲ್ ಸ್ಕೇಲು, ಮೊಬೈಲಿನಲ್ಲಿ ಟ್ಯೂನರ್. ಇಷ್ಟೂ ಇಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ, ಜೇಬಿನಲ್ಲಿ ಇರುವಂಥವು. ಸೆಟಪ್ಪೆಂದರೆ ಬೆಂಗಳೂರಿನ ಒಬ್ಬಿಬ್ಬರಿಗೆ ಗೊತ್ತಿರುವ ಗುಟ್ಟು ಎಂಬ ಭಾವನೆ ಹೋಗಬೇಕು.

ಮೊದಲು ನೆಕ್ಕಿನ ಬಾಗು. ಮೀಟಿದ ತಂತಿ ಉದ್ದಕ್ಕೂ ಬಿಲ್ಲಿನಂತೆ ಉಬ್ಬಿ ಆಡುತ್ತದೆ. ಆ ಆಟಕ್ಕೆ ಜಾಗ ಬೇಕಾದ್ದರಿಂದ ನೆಕ್ಕು ಪೂರಾ ನೇರ ಇರಬಾರದು, ಮುಂದಕ್ಕೆ ಕೂದಲೆಳೆಯಷ್ಟು ಬಾಗಿರಬೇಕು. ಇದನ್ನು ಹಿಡಿತದಲ್ಲಿಡಲು ನೆಕ್ಕಿನ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ. ಗಿಬ್ಸನ್ ಕಂಪನಿ 1920ರ ದಶಕದಲ್ಲೇ ರೂಢಿಗೆ ತಂದ ಉಪಾಯ. ಗಿಟಾರನ್ನು ನುಡಿಸುವ ಭಂಗಿಯಲ್ಲಿ ಹಿಡಿದು, ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ನೆಕ್ಕು ಮೈಗೆ ಸೇರುವ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ. ಏಳು ಎಂಟನೇ ಫ್ರೆಟ್ಟಿನ ಬಳಿ ತಂತಿಗೂ ಫ್ರೆಟ್ಟಿಗೂ ನಡುವೆ ಫೀಲರ್ ಗೇಜಿನ 0.30 ಮಿ.ಮೀ. ಎಲೆ ತಂತಿಯನ್ನು ಎತ್ತದೆ ಜಾರಬೇಕು. 0.35ರವರೆಗೂ ಸರಿ. ಸಂದು ಹೆಚ್ಚಿದ್ದರೆ ರಾಡಿನ ನಟ್ಟನ್ನು ಬಲಕ್ಕೆ, ಕಡಿಮೆಯಿದ್ದರೆ ಎಡಕ್ಕೆ; ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಿರುಗಿಸಿದ ಮೇಲೆ ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಅಲೆನ್ ಕೀ ಸರಿಯಾದ ಅಳತೆಯದಿರಲಿ, ಪೂರ್ತಿ ಒಳಗೆ ಕೂತಿರಲಿ. ನಟ್ಟು ತಿರುಗಲು ಒಪ್ಪದಿದ್ದರೆ ಬಲ ಹಾಕಬೇಡಿ. ಅಲ್ಲಿಗೆ ನಿಲ್ಲಿಸಿ ತಿಳಿದವರ ಬಳಿ ಒಯ್ಯಿರಿ. ಟ್ರಸ್ ರಾಡ್ ಮುರಿದರೆ ಗಿಟಾರಿಗಿಂತ ರಿಪೇರಿಯೇ ದುಬಾರಿ.

ಎರಡನೆಯದು ಆಕ್ಷನ್, ಎಂದರೆ ಫ್ರೆಟ್ಟಿನಿಂದ ತಂತಿಯ ಎತ್ತರ. ಮೊದಲ ಫ್ರೆಟ್ಟನ್ನು ಒತ್ತಿ ಹಿಡಿದು, 17ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ 2.4 ಮಿ.ಮೀ., ಸಣ್ಣ ತಂತಿ 2 ಮಿ.ಮೀ. ಎತ್ತರದಲ್ಲಿದ್ದರೆ ಅದು ಫೆಂಡರ್ ಕಾರ್ಖಾನೆಯ ಅಳತೆಗೆ ಹತ್ತಿರ. ಸ್ಯಾಡಲಿನ ಮೇಲಿನ ಎರಡು ಪುಟ್ಟ ಸ್ಕ್ರೂಗಳಿಂದ ಏರಿಸಬಹುದು, ಇಳಿಸಬಹುದು. ಅಂಗಡಿಯಿಂದ ಬಂದ ಬೇಸ್‌ಗಳಲ್ಲಿ ಈ ಎತ್ತರ ಎಷ್ಟೋ ಸಲ 3 ಮಿ.ಮೀ. ದಾಟಿರುತ್ತದೆ, ಹೊಸಬರ ಬೆರಳು ನೋವಿಗೆ ಇದೇ ಕಾರಣ. ಹಾಗೆಂದು ಪೂರ್ತಿ ಇಳಿಸಿಬಿಡುವುದೂ ಚೆನ್ನಲ್ಲ. ವೇದಿಕೆಯಲ್ಲಿ ಉತ್ಸಾಹ ಏರಿದಂತೆ ಕೈ ಜೋರಾಗುತ್ತದೆ. ಮನೆಯಲ್ಲಿ ಕೇಳದ ತಟತಟ ಅಲ್ಲಿ ಸ್ಪೀಕರಿನಿಂದ ಕೇಳುತ್ತದೆ. ಜೋರಾಗಿ ಮೀಟುವವರಿಗೆ ಸ್ವಲ್ಪ ಎತ್ತರವೇ ಇರಲಿ, ದನಿಗೂ ಮೈ ಬರುತ್ತದೆ.

ಝರ್‌ಗುಟ್ಟಿದರೆ ಎಲ್ಲಿ ಎಂದು ಕಿವಿಗೊಡಿ. ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ಮಾತ್ರವಾದರೆ ನೆಕ್ಕಿಗೆ ಬಾಗು ಸಾಲದು. ಹನ್ನೆರಡರಿಂದ ಮೇಲೆ ಆದರೆ ತಂತಿ ತಗ್ಗಾಯಿತು. ಯಾವುದೋ ಒಂದೇ ಫ್ರೆಟ್ಟಿನಲ್ಲಾದರೆ ಆ ಪಕ್ಕದ ಫ್ರೆಟ್ ಎದ್ದಿದೆ, ಅದು ಮನೆಯ ಕೆಲಸವಲ್ಲ. ಒತ್ತದೆ ಬಿಟ್ಟ ತಂತಿಯೊಂದೇ ಝರ್‌ಗುಟ್ಟಿದರೆ ನಟ್‌ನ ಕಚ್ಚು ಆಳವಾಗಿದೆ. ನಟ್‌ಗೆ ಅರ ಹಾಕುವುದನ್ನೂ ಪಳಗಿದವರಿಗೇ ಬಿಡಿ; ಕೊರೆದ ಕಚ್ಚನ್ನು ಮತ್ತೆ ತುಂಬುವುದು ಸುಲಭವಲ್ಲ.

ಮೂರನೆಯದು ಸ್ವರಶುದ್ಧಿ. ಅಂಗಡಿಯವರು ಇಂಟೊನೇಷನ್ ಎನ್ನುತ್ತಾರೆ. ದೊಡ್ಡಬಳ್ಳಾಪುರದ ಕಡೆ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುವವರಿದ್ದಾರೆ. ವೀಣೆಗೆ ಮೇಳ ಕಟ್ಟುವಾಗ 24 ಮೆಟ್ಟಿಲುಗಳನ್ನೂ ಮೇಣದ ಮೇಲೆ ಒಂದೊಂದಾಗಿ ಸರಿಸಿ, ಕಿವಿಯಿಂದ ಸ್ವರ ನೋಡಿ ಕೂರಿಸಬೇಕು. ಬೇಸ್ ಗಿಟಾರಿನಲ್ಲಿ ಫ್ರೆಟ್ಟುಗಳು ಮರಕ್ಕೆ ಬಡಿದು ಕೂತಿವೆ, ಸರಿಯುವುದು ಸ್ಯಾಡಲ್ ಮಾತ್ರ. ಹಾಗಾಗಿ ಇಲ್ಲಿ ತಂತಿಯ ಉದ್ದವನ್ನೇ ಹೊಂದಿಸುತ್ತಾರೆ. 12ನೇ ಫ್ರೆಟ್ಟಿನ ಮೇಲೆ ತಂತಿಯನ್ನು ಹಗುರಾಗಿ ಮುಟ್ಟಿ ಮೀಟಿದಾಗ ಬರುವ ಸ್ವರ, ಅಲ್ಲೇ ಒತ್ತಿ ಮೀಟಿದಾಗ ಬರುವ ಸ್ವರ, ಎರಡೂ ಟ್ಯೂನರಿನಲ್ಲಿ ಒಂದೇ ಕಡೆ ನಿಲ್ಲಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಹೊಸ ತಂತಿಯ ಮೇಲೆ ಮಾತ್ರ ಇದನ್ನು ಮಾಡಿ. ಹಳೆಯ, ಅಲ್ಲಲ್ಲಿ ಸವೆದ ತಂತಿ ಸ್ವರವನ್ನು ಸುಳ್ಳಾಗಿ ತೋರಿಸುತ್ತದೆ. ವೀಣೆ ಕಲಿತ ಮನೆಯ ಮಕ್ಕಳು ಈ ಕೆಲಸವನ್ನು ಬೇಗ ಹಿಡಿಯುತ್ತಾರೆ. ಅವರ ಕಿವಿ ಆಗಲೇ ತಯಾರಾಗಿರುತ್ತದೆ.

ಕೊನೆಗೆ, ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪು. ಕೊನೆಯ ಫ್ರೆಟ್ಟನ್ನು ಒತ್ತಿ ಹಿಡಿದಾಗ ದಪ್ಪ ತಂತಿಗೂ ಪಿಕಪ್ಪಿಗೂ ಸುಮಾರು 3 ಮಿ.ಮೀ., ಸಣ್ಣ ತಂತಿಗೆ ಅದಕ್ಕಿಂತ ತುಸು ಕಡಿಮೆ ಅಂತರ ಸಾಕು. ತೀರ ಹತ್ತಿರವಾದರೆ ಅಯಸ್ಕಾಂತ ತಂತಿಯ ಆಟವನ್ನೇ ಎಳೆದು ಸ್ವರ ನಡುಗುತ್ತದೆ. ನಾಲ್ಕೂ ತಂತಿಗಳು ಒಂದೇ ಜೋರಿನಲ್ಲಿ ಕೇಳುವವರೆಗೆ ಕಿವಿಯಿಂದ ಹೊಂದಿಸಿ.

ರೌಂಡ್‌ವೌಂಡ್ ತೆಗೆದು ಫ್ಲಾಟ್‌ವೌಂಡ್ ಹಾಕಿದರೆ, 105 ತೆಗೆದು 100 ಹಾಕಿದರೆ ಇಷ್ಟೂ ಕೆಲಸ ಮೊದಲಿನಿಂದ. ಎಳೆತ ಬದಲಾಯಿತು, ಬಾಗು ಬದಲಾಯಿತು. ಹವೆ ತಿರುಗಿದಾಗಲೂ ಒಮ್ಮೆ ಅಳೆಯಬೇಕು. ಚೈತ್ರದ ಬಿಸಿಲಿಗೆ ಬೆರಳುಹಲಗೆಯ ಮರ ಒಣಗಿ ಕುಗ್ಗಿದಾಗ ಫ್ರೆಟ್ಟಿನ ಅಂಚುಗಳು ಹೊರಚಾಚಿ ಕೈಗೆ ಚುಚ್ಚುತ್ತವೆ. ಮಳೆಗಾಲ ಹಿಡಿದಾಗ ಮರ ಮತ್ತೆ ಹಿಗ್ಗುತ್ತದೆ. ಆ ಬೆರಳುಹಲಗೆ ನಮ್ಮ ಸೀಮೆಗೆ ಅಪರಿಚಿತ ಮರವೂ ಅಲ್ಲ. ಜಗತ್ತಿನ ಗಿಟಾರುಗಳಿಗೆ ಹೋಗುವ ಇಂಡಿಯನ್ ರೋಸ್‌ವುಡ್ ಎಂದರೆ ಪಶ್ಚಿಮಘಟ್ಟದ ಬೀಟೆ. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವು 2017ರಲ್ಲಿ ಬೀಟೆಯ ಇಡೀ ಬಳಗವನ್ನು ನಿಯಂತ್ರಣಕ್ಕೆ ತಂದ ಮೇಲೆ ಕಂಪನಿಗಳು ಬೇರೆ ಮರ ಹುಡುಕಿದವು. ಫೆಂಡರ್‌ನ ಅಗ್ಗದ ಶ್ರೇಣಿಯಾದ ಸ್ಕ್ವಯರ್ ಇಂಡಿಯನ್ ಲಾರೆಲ್ ಬಳಸತೊಡಗಿತು. ಲಾರೆಲ್ ಎಂದರೆ ನಮ್ಮ ಕಾಡಿನ ಮತ್ತಿ. ಸಿದ್ಧ ವಾದ್ಯಗಳಿಗೆ 2019ರಲ್ಲಿ ಆ ನಿಯಮದಿಂದ ವಿನಾಯಿತಿ ಸಿಕ್ಕಿತು. ತಂತಿ ಬದಲಿಸುವಾಗ ಈ ಹಲಗೆಯನ್ನು ಒಣಬಟ್ಟೆಯಲ್ಲಿ ಒರೆಸಿ, ವಾದ್ಯಕ್ಕೆಂದೇ ಮಾರುವ ಎಣ್ಣೆಯನ್ನು ಎರಡು ಹನಿ ತೀಡಿದರೆ ಸಾಕು. ತೆಂಗಿನೆಣ್ಣೆ ಬೇಡ, ಅಂಟಾಗಿ ಕೊಳೆ ಹಿಡಿಯುತ್ತದೆ.

ತಂತಿಯ ಆಯುಸ್ಸು ಕೈಯ ಬೆವರಿಗೆ ಬಿಟ್ಟದ್ದು. ನುಡಿಸುವ ಮುನ್ನ ಕೈ ತೊಳೆದು, ನುಡಿಸಿದ ಮೇಲೆ ಹತ್ತಿಬಟ್ಟೆಯಲ್ಲಿ ಪ್ರತಿ ತಂತಿಯ ಮೇಲೂ ಕೆಳಗೂ ಒರೆಸಿಟ್ಟರೆ ನಿಕಲ್ ಸೆಟ್ಟು ಆರು ತಿಂಗಳು ಹಿತವಾಗಿ ಬರುತ್ತದೆ. ಮಂಕಾದ ರೌಂಡ್‌ವೌಂಡನ್ನು ಬಿಸಿನೀರಿನಲ್ಲಿ ಕುದಿಸಿ, ಚೆನ್ನಾಗಿ ಒಣಗಿಸಿ ಮತ್ತೆ ಹಾಕುವ ಹಳೆಯ ಪದ್ಧತಿಯಿದೆ. ಕೊಳೆ ಬಿಟ್ಟು ದನಿ ಮರಳುತ್ತದೆ, ಕೆಲವು ದಿನಗಳ ಮಟ್ಟಿಗೆ. ಕೈಯಲ್ಲಿ ಕಾಸಿಲ್ಲದ ವಾರಕ್ಕೆ ಅದು ಆಸರೆ, ಅಷ್ಟರ ಮೇಲೆ ನೆಚ್ಚಿಕೊಳ್ಳಬೇಡಿ.

ರಘು ದೀಕ್ಷಿತ್ ಬಳಗದಲ್ಲಿ ಗೌರವ್ ವಾಜ್, ಸ್ವರಾತ್ಮದಲ್ಲಿ ಜಿಷ್ಣು ದಾಸ್‌ಗುಪ್ತ ಬೇಸ್ ಹಿಡಿದು ನಿಂತ ಮೇಲೆ ಕನ್ನಡ ಹಾಡಿನ ವೇದಿಕೆಯಲ್ಲಿ ಈ ವಾದ್ಯ ಜನರ ಕಣ್ಣಿಗೂ ಬಿದ್ದಿದೆ. ಅದಕ್ಕೂ ಮುಂಚೆ ಅದು ಕಿವಿಗಷ್ಟೇ ಗೊತ್ತಿದ್ದ ದನಿ. ಕೆಲಮಂಗಲದಿಂದ ಬೆಂಗಳೂರು ರೈಲಿನಲ್ಲಿ ಹೋಗಿಬರಬಹುದಾದ ದೂರವೇ ಆದರೂ, ದಿನಗೂಲಿ ಬಿಟ್ಟು, ಗಿಟಾರ್ ಹೊತ್ತು, ಒಂದು ಸ್ಕ್ರೂ ತಿರುಗಿಸಿಕೊಳ್ಳಲು ಹೋಗಬೇಕಾದ ಸ್ಥಿತಿ ಇಲ್ಲಿಯ ಹುಡುಗರಿಗೆ ಇರಬಾರದು.

ಅದಕ್ಕೇ ಆರ್ಕೆಸ್ಟ್ರಾ ನಡೆಸುವವರಲ್ಲಿ, ಚರ್ಚಿನ ಗಾಯನ ಬಳಗದ ಹಿರಿಯರಲ್ಲಿ ಒಂದು ಕೋರಿಕೆ. ಹೊಸ ಸ್ಪೀಕರ್, ಹೊಸ ಮಿಕ್ಸರ್ ಕೊಳ್ಳಲು ಹಣ ಕೂಡಿಸುವಾಗ, ವರ್ಷಕ್ಕೆ ಎರಡು ಸೆಟ್ ಬೇಸ್ ತಂತಿ, ಒಂದು ಫೀಲರ್ ಗೇಜ್, ಒಂದು ಅಲೆನ್ ಕೀ ಸೆಟ್ಟಿಗೆ ಆಗುವಷ್ಟನ್ನು ತೆಗೆದಿಡಿ. ಸೆಟಪ್ ಬಲ್ಲವರು ನಿಮ್ಮ ಊರಿನಲ್ಲಿದ್ದರೆ, ಅವರನ್ನು ಒಂದು ಭಾನುವಾರ ಕರೆದು ಹುಡುಗರಿಗೆ ಕೈಯಲ್ಲಿ ಮಾಡಿಸಿ ತೋರಿಸಲು ಹೇಳಿ.